ಅಗುಳಿಯಿಲ್ಲದ ಮನೆ

ಹಗಲುಹೊತ್ತಿನಲ್ಲಿ ಮನೆಯ ಬಾಗಿಲಿಗೆ ಅಗುಳಿ ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಬರುವವರೆಲ್ಲ ಗುರುತಿನವರೇ ಆಗಿರುವಾಗ ಅಗುಳಿಯ ಅಗತ್ಯವಾದರೂ ಏನು? ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಹಳೆಯ ರೂಪಗಳನ್ನು ನೆನೆದಾಗಲೆಲ್ಲ ನನಗೆ ಅಂಥ ಮನೆಯೇ ಕಣ್ಣಮುಂದೆ ಬರುತ್ತದೆ.

ಗಣಕಯಂತ್ರದೊಳಗಿನ ಕೆಲಸಗಳನ್ನೆಲ್ಲ ಹಂಚಿಕೊಟ್ಟು ನಡೆಸುವ ಮೇಸ್ತ್ರಿಯೇ ಕಾರ್ಯಾಚರಣ ವ್ಯವಸ್ಥೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸನ್ನು ಕಟ್ಟತೊಡಗಿದರು. ಅದನ್ನು ಬಳಸಿದವರು ಒಬ್ಬರನ್ನೊಬ್ಬರು ಬಲ್ಲ ಸಹೋದ್ಯೋಗಿಗಳು. ಬಳಕೆದಾರರೆಲ್ಲರ ಹೆಸರು ಮತ್ತು ಪಾಸ್‌ವರ್ಡುಗಳು ಒಂದೇ ಕಡತದಲ್ಲಿದ್ದವು. ಅದನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಪಾಸ್‌ವರ್ಡನ್ನೇನೋ ಗೂಢಲಿಪಿಗೆ ತಿರುಗಿಸಿಯೇ ಬರೆದಿಡುತ್ತಿದ್ದರು. ಆದರೆ ಊಹಿಸಿದ ಪದವನ್ನು ಅದೇ ಕ್ರಮದಲ್ಲಿ ತಿರುಗಿಸಿ, ಕಡತದಲ್ಲಿರುವುದರೊಡನೆ ಹೋಲಿಸಿ ನೋಡಲು ಯಾವ ಅಡ್ಡಿಯೂ ಇರಲಿಲ್ಲ.

ಈ ಅಪಾಯವನ್ನು ಯುನಿಕ್ಸಿನ ಮನೆಯವರೇ ಮೊದಲು ಕಂಡರು. 1979ರಲ್ಲಿ ರಾಬರ್ಟ್ ಮಾರಿಸ್ ಅವರು ಥಾಂಪ್ಸನ್ನರೊಡನೆ ಒಂದು ಲೇಖನವನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 3,289 ಪಾಸ್‌ವರ್ಡುಗಳಲ್ಲಿ 2,831, ಎಂದರೆ ಶೇಕಡಾ 86ರಷ್ಟು, ತೀರ ಚಿಕ್ಕವು ಇಲ್ಲವೆ ನಿಘಂಟು, ಹೆಸರಿನ ಪಟ್ಟಿಗಳಲ್ಲಿ ಸಿಗುವಂಥವು. ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ನನ್ನ ಪಾಸ್‌ವರ್ಡೂ ನನ್ನೂರಿನ ಹೆಸರೇ ಆಗಿತ್ತು.

ಒಂಬತ್ತು ವರ್ಷಗಳ ಅನಂತರ, 1988ರ ನವೆಂಬರ್ 2ರಂದು, ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಿದಾಡುವ ಕ್ರಮವಿಧಿಯೊಂದು ಅಂದಿನ ಇಂಟರ್‌ನೆಟ್ಟಿಗೆ ಬಿಡುಗಡೆಯಾಯಿತು. ಅದನ್ನು 'ಹುಳು' ಎಂದು ಕರೆದರು. ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್, ಆ ಲೇಖನ ಬರೆದ ಮಾರಿಸರ ಮಗ! ತಂದೆ ಎಚ್ಚರಿಸಿದ್ದ ಬಾಗಿಲಿನಿಂದಲೂ ಮಗನ ಹುಳು ಒಳಹೊಕ್ಕಿತು; ಪಾಸ್‌ವರ್ಡುಗಳನ್ನು ಅದು ಊಹಿಸಿ ತೆಗೆಯುತ್ತಿತ್ತು. ಅಂಚೆ ಸಾಗಿಸುವ ಸೆಂಡ್‌ಮೇಲ್ ಕ್ರಮವಿಧಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಹಿತ್ತಿಲ ಬಾಗಿಲೊಂದು ಅನೇಕ ಯಂತ್ರಗಳಲ್ಲಿ ಮುಚ್ಚದೆಯೇ ಉಳಿದಿತ್ತು. ಅದು ಎರಡನೆಯ ದಾರಿ.

ಮೂರನೆಯದು ಇನ್ನೂ ಸೂಕ್ಷ್ಮವಾದದ್ದು. ಯಂತ್ರದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂದು ಹೊರಗಿನವರಿಗೆ ತಿಳಿಸುವ ಫಿಂಗರ್ ಎಂಬ ಸೇವೆಯಿತ್ತು. ಬರುವ ಪ್ರಶ್ನೆಗೆಂದು ಅದು 512 ಬೈಟುಗಳ ಜಾಗವನ್ನು ಇಟ್ಟುಕೊಂಡಿತ್ತು. ಆದರೆ ಬಂದದ್ದನ್ನು ಅಳೆಯುತ್ತಿರಲಿಲ್ಲ. ಹುಳು 536 ಬೈಟುಗಳನ್ನು ಸುರಿಯಿತು. ಸೇರಿಗೆ ಅಳತೆ ಮೀರಿ ಸುರಿದ ಅಕ್ಕಿ ನೆಲಕ್ಕೆ ಚೆಲ್ಲುತ್ತದೆ, ಅಷ್ಟೆ. ಗಣಕದ ಸ್ಮೃತಿಯಲ್ಲಾದರೋ ಪಕ್ಕದಲ್ಲೇ, 'ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು' ಎಂಬ ಗುರುತು ಇರುತ್ತದೆ. ಚೆಲ್ಲಿದ್ದು ಆ ಗುರುತನ್ನೇ ಅಳಿಸಿ ಬೇರೆ ವಿಳಾಸ ಬರೆಯಿತು. ಯಂತ್ರ ವಿಧೇಯವಾಗಿ ಅಲ್ಲಿಗೆ ಹೋಗಿ, ಆಗಂತುಕನ ಅಪ್ಪಣೆಯನ್ನು ಪಾಲಿಸಿತು.

ಹುಳು ಕಡತಗಳನ್ನು ನಾಶಮಾಡಲಿಲ್ಲ. ಆದರೆ ಹೊಕ್ಕ ಯಂತ್ರಕ್ಕೇ ಮತ್ತೆ ಮತ್ತೆ ಹೊಕ್ಕು, ತನ್ನ ಪ್ರತಿಗಳ ಭಾರದಿಂದಲೇ ಅದನ್ನು ಕುಸಿಯುವಂತೆ ಮಾಡಿತು. ಸಾವಿರಾರು ಯಂತ್ರಗಳು ಸ್ತಬ್ಧವಾದವೆಂದು ಅಂದಾಜು. 1990ರಲ್ಲಿ ನ್ಯಾಯಾಲಯವು ಆ ತರುಣನಿಗೆ ಮೂರು ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಿತು.

ಪಾಸ್‌ವರ್ಡುಗಳು ಕ್ರಮೇಣ ಎಲ್ಲರ ಕಣ್ಣಿಗೆ ಬೀಳದ ಬೇರೊಂದು ಕಡತಕ್ಕೆ ಹೋದವು. ಅಳತೆ ನೋಡದೆ ಓದುವ ಆ 'ಗೆಟ್ಸ್' ಆಜ್ಞೆಯನ್ನು ಸಿ ಭಾಷೆಯ ಪ್ರಮಾಣಸೂತ್ರದಿಂದ ತೆಗೆದುಹಾಕಿದ್ದು ಮಾತ್ರ 2011ರಲ್ಲಿ. ದೋಷ ಗೊತ್ತಾಗಿ ಇಪ್ಪತ್ತಮೂರು ವರ್ಷ ಕಳೆದಿತ್ತು!

ಯುನಿಕ್ಸನ್ನು ಕಟ್ಟಿದವರು ಅಜ್ಞಾನಿಗಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವರು ಗುರುತಿನವರಿಗಾಗಿ ಮನೆ ಕಟ್ಟಿದರು. ಆ ಮನೆಯ ಮುಂದೆ ಲೋಕದ ಹೆದ್ದಾರಿ ಹಾದುಹೋಯಿತು. ಬಾಗಿಲು ಮಾತ್ರ ಹಾಗೆಯೇ ಉಳಿಯಿತು. ದೋಷವನ್ನು ಕಂಡುಹಿಡಿಯುವುದಕ್ಕೆ ಜಾಣ್ಮೆ ಸಾಕು. ಕಂಡದ್ದನ್ನು ತಿದ್ದುವುದಕ್ಕೆ ದಿನನಿತ್ಯದ ಶ್ರದ್ಧೆ ಬೇಕು. ನನ್ನ ಪಾಸ್‌ವರ್ಡನ್ನು ಬದಲಿಸಲು ನಾನೂ ಎಷ್ಟೋ ದಿನ ತೆಗೆದುಕೊಂಡೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.