ಮುತ್ತುಗಕ್ಕೆ ಎಷ್ಟು ಹೆಸರು?

ಕಳೆದ ಫಾಲ್ಗುಣದಲ್ಲಿ ನಾಶಿಕ ಜಿಲ್ಲೆಯ ಸಿನ್ನರಕ್ಕೆ ಹೋಗಿ, ಗೊಂದೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುವಾಗ, ಊರ ಹೊರಗಿನ ಕಲ್ಲುಗುಡ್ಡದಲ್ಲಿ ಎಲೆಯುದುರಿಸಿ ಕೆಂಡದಂಥ ಹೂವನ್ನೇ ಹೊದ್ದು ನಿಂತ ಮರಗಳನ್ನು ಕಂಡೆವು. ಜೊತೆಯಲ್ಲಿದ್ದ ಮಕ್ಕಳು “ಪಳಸ!” ಎಂದು ಕೂಗಿದರು. ಮಹಾರಾಷ್ಟ್ರದಲ್ಲಿ ಬೆಳೆದವರ ಬಾಯಿಗೆ ಆ ಹೆಸರು ಬರುವುದು ಸಹಜವೇ. ನಮ್ಮ ಹಳ್ಳಿಯಲ್ಲಾದರೋ ಅದು ಮುತ್ತಲ; ಪುಸ್ತಕದ ಕನ್ನಡದಲ್ಲಿ ಮುತ್ತುಗ; ಸಂಸ್ಕೃತದಲ್ಲಿ ಪಲಾಶ, ಕಿಂಶುಕ. ಮದುವೆಯ ಊಟಕ್ಕೆ ಅದರ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಪತ್ರಾವಳಿ ಹಚ್ಚಿದ ಕೈಗಳು ನಮ್ಮವು.

ಒಂದು ಮರಕ್ಕೆ ಊರಿಗೊಂದು ಹೆಸರಾದರೆ ಶಾಸ್ತ್ರ ನಡೆಯದು. ಆದುದರಿಂದ ಸ್ವೀಡನ್ ದೇಶದ ಲಿನೇಯಸನು 1753ರಲ್ಲಿ ತಾನು ಬಲ್ಲ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರನ್ನು ಕೊಟ್ಟನು. ಮೊದಲ ಪದ ಜಾತಿಯದು, ಎರಡನೆಯದು ಪ್ರಭೇದದ್ದು.

ಹಾಗಾದರೂ ಗೊಂದಲ ತಪ್ಪಲಿಲ್ಲವೆಂಬುದು ನಮಗೆ ಅರಿವಾದುದು ಪರೀಕ್ಷೆಯಲ್ಲಿ. ಮುತ್ತುಗದ ಶಾಸ್ತ್ರೀಯ ನಾಮವನ್ನು ಕೇಳಿದ್ದೆವು. ಒಬ್ಬ ಬಾಲಕಿ ಅಜ್ಜನ ಹಳೆಯ ಔಷಧಿ ಪುಸ್ತಕವನ್ನು ನೋಡಿ ‘ಬ್ಯೂಟಿಯ ಫ್ರಾಂಡೋಸ’ ಎಂದು ಬರೆದಿದ್ದಳು. ಪಠ್ಯದಲ್ಲಿದ್ದುದು ‘ಬ್ಯೂಟಿಯ ಮೋನೋಸ್ಪರ್ಮ’. ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದುಬಿಟ್ಟೆವು. ಅವಳು ಪುಸ್ತಕವನ್ನೇ ತಂದು ತೋರಿಸಿದಾಗ ಉತ್ತರ ಹೊಳೆಯದೆ ಗ್ರಂಥಗಳನ್ನು ತೆರೆಯಬೇಕಾಯಿತು.

ಸಂಗತಿ ಹೀಗಿದೆ. ಫ್ರಾನ್ಸಿನ ಲಮಾರ್ಕನು ಈ ಮರವನ್ನು ‘ಎರಿತ್ರಿನ ಮೋನೋಸ್ಪರ್ಮ’ ಎಂದು ಕರೆದನು. ಎರಿತ್ರಿನವೆಂದರೆ ನಮ್ಮ ಹಾಲವಾಣದ ಜಾತಿ. ಎರಡಕ್ಕೂ ಕೆಂಪು ಹೂವು, ಎರಡಕ್ಕೂ ಮೂರು ಮೂರು ಕಿರುಎಲೆ. ಎಲ್ಲಿ ಹೋದರೂ ಪಳಸಕ್ಕೆ ಎಲೆ ಮೂರೇ ಎಂದು ಮರಾಠಿಗರು ಗಾದೆಯನ್ನೇ ಮಾಡಿರುವರಷ್ಟೆ! ಎರಡೂ ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದುವು. ಆದರೆ ಹಾಲವಾಣದ ಕೊಂಬೆಯಲ್ಲಿ ಮುಳ್ಳುಂಟು, ಕಾಯಿಯಲ್ಲಿ ಹಲವು ಬೀಜಗಳುಂಟು. ಮುತ್ತುಗಕ್ಕೆ ಮುಳ್ಳಿಲ್ಲ, ಚಪ್ಪಟೆಯಾದ ಕಾಯಿಯ ತುದಿಯಲ್ಲಿ ಒಂದೇ ಬೀಜ. ಕೋರಮಂಡಲ ತೀರದಲ್ಲಿದ್ದು ಗಿಡಗಳನ್ನು ಕಣ್ಣಾರೆ ಕಂಡ ರಾಕ್ಸ್‌ಬರ್ಗನು ಇದಕ್ಕೆ ಬೇರೆ ಜಾತಿಯೇ ಬೇಕೆಂದು ತಿಳಿದು, 1795ರ ತನ್ನ ಗ್ರಂಥದಲ್ಲಿ ‘ಬ್ಯೂಟಿಯ ಫ್ರಾಂಡೋಸ’ ಎಂದು ವರ್ಣಿಸಿದನು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಬ್ಯೂಟ್ ಪ್ರಭುವಿನ ಹೆಸರನ್ನು ನಮ್ಮ ಗುಡ್ಡದ ಮರಕ್ಕೆ ಕಟ್ಟಿದುದು ನಮಗೆ ಅಷ್ಟಾಗಿ ರುಚಿಸದು. ಆದರೆ ನಿಯಮವು ನಮ್ಮ ರುಚಿಯನ್ನು ಕೇಳುವುದಿಲ್ಲ.

ಜಾತಿ ಬದಲಾದರೂ ಪ್ರಭೇದಕ್ಕೆ ಮೊಟ್ಟಮೊದಲು ಇಟ್ಟ ಹೆಸರು ಉಳಿಯಬೇಕೆಂಬುದು ಇನ್ನೊಂದು ನಿಯಮ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರಂತೆ ರಾಕ್ಸ್‌ಬರ್ಗನ ಜಾತಿಗೆ ಲಮಾರ್ಕನ ಪದವನ್ನು ಜೋಡಿಸಿದರು. ಮೋನೋಸ್ಪರ್ಮವೆಂದರೆ ಏಕಬೀಜದ್ದು, ಫ್ರಾಂಡೋಸವೆಂದರೆ ಎಲೆ ತುಂಬಿದ್ದು. ಬೋಳಾಗಿ ಹೂ ಬಿಡುವ ಮರಕ್ಕೆ ಮೊದಲನೆಯದೇ ಚೆನ್ನಾಗಿ ಒಪ್ಪುತ್ತದೆ. ಹಳೆಯ ಹೆಸರು ಮಾತ್ರ ಔಷಧಿ ಪುಸ್ತಕಗಳಲ್ಲಿ ಬಹುಕಾಲ ಉಳಿದುಕೊಂಡಿತು.

ಬಾಲಕಿಯ ಉತ್ತರಪತ್ರಿಕೆಯನ್ನು ಮರಳಿ ತರಿಸಿ, ಅಡ್ಡಗೆರೆಯ ಪಕ್ಕದಲ್ಲಿ ಒಂದು ಅಂಕವನ್ನು ಬರೆದುಕೊಟ್ಟೆವು.