ಕಾವಿಲ್ಲದ ನಾದ

ಸಂಗೀತವನ್ನು ಮನೆಯಲ್ಲಿಯೇ ನಿಷ್ಕಳಂಕವಾಗಿ ಕೇಳಬೇಕೆಂಬ ಹಂಬಲವುಳ್ಳವರು ಕಳೆದ ಶತಮಾನದ ಬಹುಭಾಗ ಉತ್ತಮ ಆಂಪ್ಲಿಫೈಯರನ್ನು ಎರಡು ಲಕ್ಷಣಗಳಿಂದ ಗುರುತಿಸುತ್ತಿದ್ದರು: ಒಬ್ಬನೇ ಎತ್ತಲಾಗದ ತೂಕ, ಕೈಯಿಟ್ಟರೆ ಚುರ್ರೆನ್ನುವ ಕಾವು. ಕ್ಷೀಣವಾದ ವಿದ್ಯುತ್ ಸಂಕೇತವನ್ನು ಸ್ಪೀಕರಿನ ಶಂಕುವನ್ನು ಅಲುಗಿಸಬಲ್ಲ ಶಕ್ತಿಗೆ ಏರಿಸಿಕೊಡುವ ಈ ಯಂತ್ರದ ವಿಧಾನಗಳಲ್ಲಿ ಶ್ರೇಷ್ಠವೆಂದು ಮಾನ್ಯವಾದದ್ದು ಕ್ಲಾಸ್ ಎ. ಅದರಲ್ಲಿ ಹಾಡಿರಲಿ, ಮೌನವಿರಲಿ, ವಾಲ್ವಿನೊಳಗೋ ಟ್ರಾನ್ಸಿಸ್ಟರಿನೊಳಗೋ ವಿದ್ಯುತ್ ಪ್ರವಾಹ ಸದಾ ತುಂಬಿ ಹರಿಯುತ್ತಲೇ ಇರತಕ್ಕದ್ದು. ಅದರ ದಕ್ಷತೆ ಕಾಗದದ ಮೇಲಿನ ಲೆಕ್ಕದಲ್ಲಿಯೂ ಶೇಕಡ 50ನ್ನು ದಾಟಲಾರದು. ಬಳಕೆಯಲ್ಲಿ ಅದರ ಅರ್ಧ ದೊರೆತರೆ ಭಾಗ್ಯ. ತರಂಗದ ಮೇಲರ್ಧವನ್ನೂ ಕೆಳಗಿನರ್ಧವನ್ನೂ ಎರಡು ಸಾಧನಗಳಿಗೆ ಹಂಚಿಕೊಡುವ ಕ್ಲಾಸ್ ಬಿ ವಿಧಾನದಲ್ಲಿ ಈ ಮಿತಿ ಶೇಕಡ 78ಕ್ಕೆ ಏರುವುದಾದರೂ, ಒಂದರಿಂದ ಇನ್ನೊಂದಕ್ಕೆ ಕೆಲಸ ವರ್ಗವಾಗುವ ಸಂಧಿಯಲ್ಲಿ ನಾದವು ಮುಕ್ಕಾಗುವ ಭಯ ತಪ್ಪಿದ್ದಲ್ಲ. ಶುದ್ಧಿಗೆ ಅಪವ್ಯಯವೇ ತೆರಿಗೆಯೆಂಬ ನಂಬಿಕೆ ಹೀಗೆ ಬೇರೂರಿತು.

ಆ ನಂಬಿಕೆ ಬರಿಯ ಮೂಢತನವಾಗಿರಲಿಲ್ಲ. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್, ದೋಣಿಯಲ್ಲಿ ಹಡ್ಸನ್ ನದಿ ದಾಟುತ್ತ ಕೆಲಸಕ್ಕೆ ಹೋಗುವಾಗ, ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆಯೇ ನೆಗೆಟಿವ್ ಫೀಡ್‌ಬ್ಯಾಕಿನ ಸೂತ್ರವನ್ನು ಗೀಚಿಕೊಂಡನು. ಹೊರಬಂದ ಸಂಕೇತದ ಒಂದಂಶವನ್ನು ಒಳಬರುವ ಸಂಕೇತದೊಡನೆ ಹೋಲಿಸಿ, ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವ ಆ ಉಪಾಯದ ಮೇಲೆಯೇ ಮುಂದಿನ ಸಾಧನೆಯೆಲ್ಲ ನಿಂತಿತು. 1947ರಲ್ಲಿ ವಿಲಿಯಮ್ಸನ್ ಎಂಬಾತ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಾಲ್ವು ಆಂಪ್ಲಿಫೈಯರಿನ ನಕ್ಷೆಯನ್ನು ಹವ್ಯಾಸಿಗಳು ಶ್ರದ್ಧೆಯಿಂದ ಕಟ್ಟಿದರು. 1953ರಲ್ಲಿ ಪೀಟರ್ ವಾಕರನ ಕ್ವಾಡ್ 2 ಎಂಬ ವಾಲ್ವು ಆಂಪ್ಲಿಫೈಯರ್ ಬಂದಿತು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಒಂದು ಕಾಲಕ್ಕೆ ತಯಾರಿಸಿದ ವಾಲ್ವುಗಳನ್ನು ಈಗಲೂ ಹತ್ತಿಯಲ್ಲಿ ಸುತ್ತಿ ಕಾಪಾಡುವವರು ಉಂಟೆಂದರೆ, ಈ ಪರಂಪರೆಯ ಹಿಡಿತ ಎಷ್ಟೆಂಬುದು ತಿಳಿದೀತು.

ಇದಕ್ಕೆ ಪ್ರತಿಯಾದ ಇನ್ನೊಂದು ವಿಚಾರವೂ ಬಹುಕಾಲದಿಂದ ಇದ್ದೇ ಇತ್ತು. ಸಾಧನವೊಂದರಲ್ಲಿ ಕಾವು ಹುಟ್ಟುವುದು ಅದರ ಮೇಲಿನ ವೋಲ್ಟೇಜೂ ಅದರೊಳಗಿನ ಪ್ರವಾಹವೂ ಏಕಕಾಲದಲ್ಲಿ ಇದ್ದಾಗ ಮಾತ್ರ. ಪೂರ್ತಿ ತೆರೆದ ಸ್ವಿಚ್ಚಿನಲ್ಲಿ ಪ್ರವಾಹವಿಲ್ಲ. ಪೂರ್ತಿ ಮುಚ್ಚಿದ ಸ್ವಿಚ್ಚಿನ ಮೇಲೆ ವೋಲ್ಟೇಜು ಇಲ್ಲವೆನ್ನುವಷ್ಟು ಕಡಿಮೆ. ಕೆರೆಯ ತೂಬನ್ನು ಅರೆ ಎತ್ತಿಟ್ಟು ಗದ್ದೆಗೆ ಹದವಾಗಿ ನೀರು ಬಿಡುವುದು ಒಂದು ಕ್ರಮವಾದರೆ, ತೂಬನ್ನು ಪೂರ್ತಿ ಎತ್ತಿ ಪೂರ್ತಿ ಇಳಿಸಿ, ಎತ್ತಿದ ಹೊತ್ತು ಇಳಿಸಿದ ಹೊತ್ತುಗಳ ಪ್ರಮಾಣದಿಂದಲೇ ನೀರನ್ನು ಅಳೆಯುವುದು ಇನ್ನೊಂದು ಕ್ರಮ. ಈ ಎರಡನೆಯದೇ ಕ್ಲಾಸ್ ಡಿ. ಮನುಷ್ಯನ ಕಿವಿಗೆ ನಿಲುಕುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳು. ಅದಕ್ಕಿಂತ ಬಹು ವೇಗದಲ್ಲಿ, ಈಗಿನ ಯಂತ್ರಗಳಲ್ಲಿ ಸೆಕೆಂಡಿಗೆ ಸುಮಾರು 4 ಲಕ್ಷ ಸಲ, ಟ್ರಾನ್ಸಿಸ್ಟರು ತೆರೆದು ಮುಚ್ಚುತ್ತದೆ. ಆ ಗದ್ದಲವನ್ನೆಲ್ಲ ಒಂದು ಸುರುಳಿಯೂ ಒಂದು ಕೆಪಾಸಿಟರೂ ಸೇರಿ ಸೋಸಿ, ಸರಾಸರಿಯಾಗಿ ಉಳಿದ ಸಂಗೀತವನ್ನು ಸ್ಪೀಕರಿಗೆ ಒಪ್ಪಿಸುತ್ತವೆ. ದಕ್ಷತೆ ಶೇಕಡ 90ರ ಆಸುಪಾಸು.

ಈ ಕಲ್ಪನೆಯ ಪಿತೃತ್ವವನ್ನು ವಾಡಿಕೆಯಾಗಿ 1950ರ ದಶಕದ ಅಲೆಕ್ ರೀವ್ಸ್ ಎಂಬ ಆಂಗ್ಲ ಎಂಜಿನಿಯರಿಗೆ ಸಲ್ಲಿಸುವುದುಂಟು. ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ಪದ್ಧತಿಯನ್ನು 1930ರ ದಶಕದಲ್ಲಿಯೇ ಕಂಡುಹಿಡಿದವನೂ ಆತನೇ. ಆದರೆ ಕಲ್ಪನೆಗೆ ತಕ್ಕ ಸಾಧನವಿರಲಿಲ್ಲ. 1964ರಲ್ಲಿ ಕ್ಲೈವ್ ಸಿಂಕ್ಲೇರನ ಸಂಸ್ಥೆ ಮಾರಾಟಕ್ಕಿಟ್ಟ ಎಕ್ಸ್-10 ಎಂಬ ಕಿಟ್, ಹೆಸರಿನಲ್ಲಿ ಹತ್ತನ್ನು ಹೊತ್ತಿದ್ದರೂ ಕೊಡುತ್ತಿದ್ದುದು ಎರಡೂವರೆ ವಾಟ್ ಮಾತ್ರ. ಅಂದಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಅಷ್ಟು ಚುರುಕಾಗಿ ತೆರೆದು ಮುಚ್ಚಲಾರದವಾಗಿದ್ದುದರಿಂದ, 1966ರ ಎಕ್ಸ್-20ರ ಪಾಡೂ ಅದೇ ಆಯಿತು. ಹೆಚ್ಚು ಚುರುಕಾದ ಟ್ರಾನ್ಸಿಸ್ಟರುಗಳು ಬಂದ ಮೇಲೆ, 1978ರಲ್ಲಿ ಸೋನಿಯ ಟಿಎ-ಎನ್88 ಎಂಬ ಕ್ಲಾಸ್ ಡಿ ಆಂಪ್ಲಿಫೈಯರ್ ದಾರಿಯನ್ನೇನೋ ತೋರಿತು; ರಸಿಕರು ಮಾತ್ರ ಹಿಂಬಾಲಿಸಲಿಲ್ಲ.

ಹಿಂಬಾಲಿಸದಿರುವುದಕ್ಕೆ ಕಾರಣವೂ ಇತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಕ್ಲಾಸ್ ಡಿಯ ಜೋಡಿ ಟ್ರಾನ್ಸಿಸ್ಟರುಗಳೆರಡೂ ಒಂದೇ ಕ್ಷಣ ಪ್ರವಾಹವನ್ನು ಹರಿಯಬಿಟ್ಟರೆ ಸುಟ್ಟುಹೋಗುವವಾದ್ದರಿಂದ ನಡುವೆ ತುಸು ಬಿಡುವನ್ನು ಇಡಬೇಕಾಗುತ್ತದೆ; ಆ ಅತ್ಯಲ್ಪ ಬಿಡುವೇ ನಾದವನ್ನು ವಿಕೃತಗೊಳಿಸುತ್ತದೆ. ಅದಕ್ಕಿಂತ ದೊಡ್ಡ ಕೇಡು ಕೊನೆಯ ಸೋಸುವ ಸುರುಳಿಯಲ್ಲಿತ್ತು. ಫೀಡ್‌ಬ್ಯಾಕನ್ನು ಸುರುಳಿಗಿಂತ ಮೊದಲೇ ತೆಗೆದುಕೊಳ್ಳುತ್ತಿದ್ದ ಹಳೆಯ ವಿನ್ಯಾಸಗಳಲ್ಲಿ ಸುರುಳಿ ಮಾಡಿದ ತಪ್ಪು ಯಂತ್ರದ ಗಮನಕ್ಕೇ ಬರುತ್ತಿರಲಿಲ್ಲ. ಒಂದು ಸ್ಪೀಕರಿನೊಡನೆ ತಾರಸ್ವರಗಳು ಎದ್ದು, ಇನ್ನೊಂದರೊಡನೆ ಕುಗ್ಗುತ್ತಿದ್ದವು. ತಂಬೂರಿಯ ಝೇಂಕಾರ ಒಣಗಿದಂತೆ ಕೇಳಿಸುತ್ತದೆಂದು ದೂರಿದವನ ಕಿವಿ ಅವನಿಗೆ ಮೋಸಮಾಡುತ್ತಿರಲಿಲ್ಲ.

ಪರಿಹಾರವೆಂಬುದು ಮೂರು ನಾಲ್ಕು ಕಡೆಗಳಿಂದ ಹರಿದು ಬಂದಿತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಕಾರ್ಸ್ಟೆನ್ ನೀಲ್ಸನ್ ನಡೆಸಿದ ಸಂಶೋಧನೆ ಬ್ಯಾಂಗ್ ಅಂಡ್ ಒಲುಫ್ಸನ್ ಸಂಸ್ಥೆಯ ಐಸ್‌ಪವರ್ ಎಂಬ ಕ್ಲಾಸ್ ಡಿ ವಿನ್ಯಾಸವಾಯಿತು. ಕ್ಯಾಲಿಫೋರ್ನಿಯದ ಟ್ರೈಪಾತ್ ಸಂಸ್ಥೆಯ ಪುಟ್ಟ ಚಿಪ್ಪನ್ನು ಅಳವಡಿಸಿದ, 40 ಡಾಲರಿಗೂ ಕಡಿಮೆ ಬೆಲೆಯ ಪ್ಲಾಸ್ಟಿಕ್ ಡಬ್ಬಿಯೊಂದು, ನೂರುಪಟ್ಟು ಬೆಲೆಯ ಯಂತ್ರಗಳ ಒಡೆಯರನ್ನು ಪೇಚಿಗೆ ಸಿಕ್ಕಿಸಿತು. ಆದರೆ ನನ್ನ ಎಣಿಕೆಯಲ್ಲಿ ಮುಖ್ಯನಾದವನು ಬೆಲ್ಜಿಯಮ್ಮಿನ ಬ್ರೂನೋ ಪುಟ್ಜೆಸ್. ಫಿಲಿಪ್ಸ್ ಸಂಸ್ಥೆಯಲ್ಲಿದ್ದಾಗ ಆತ ಫೀಡ್‌ಬ್ಯಾಕನ್ನು ಸುರುಳಿಯ ಆಚೆಯಿಂದ, ಎಂದರೆ ಸ್ಪೀಕರಿನ ಬಾಗಿಲಿನಿಂದಲೇ, ತೆಗೆದುಕೊಂಡನು. ಸುರುಳಿ ಉಂಟುಮಾಡುವ ವಿಳಂಬವನ್ನು ಶತ್ರುವೆಂದು ಬಗೆಯದೆ, ಸ್ವಿಚ್ಚಿನ ಆಂದೋಲನಕ್ಕೆ ಅದನ್ನೇ ಆಧಾರ ಮಾಡಿಕೊಂಡನು. ಆ ವಿನ್ಯಾಸದ ಮುಂದಿನ ಸಂತತಿಯಾದ ಎನ್‌ಕೋರ್ ಹಾಲೆಂಡಿನ ಹೈಪೆಕ್ಸ್ ಸಂಸ್ಥೆಯಿಂದಲೂ, ಆತ ಲಾರ್ಸ್ ರಿಸ್ಬೊ ಮೊದಲಾದವರ ಜೊತೆಗೂಡಿ ಕಟ್ಟಿದ ಪ್ಯುರಿಫೈ ಸಂಸ್ಥೆಯ ಮಾಡ್ಯೂಲು 2019ರಲ್ಲಿಯೂ ಹೊರಬಂದಾಗ, ಸಾಧಾರಣ ಶಕ್ತಿಯಲ್ಲಿ ಅವುಗಳ ವಿಕೃತಿ ಲಕ್ಷದಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ. ಭಾರವಾದ ಸಾಂಪ್ರದಾಯಿಕ ಯಂತ್ರಗಳಲ್ಲಿ ಎಷ್ಟೋ ಈ ಮಟ್ಟವನ್ನು ಮುಟ್ಟಿದವಲ್ಲ.

ಅಳತೆಯೇ ನಾದವಲ್ಲವೆಂಬ ಆಕ್ಷೇಪಕ್ಕೆ ಹಳೆಯದೊಂದು ಪ್ರಸಂಗವನ್ನು ನೆನೆಯಬಹುದು. 1985ರಲ್ಲಿ ಬಾಬ್ ಕಾರ್ವರ್ ಎಂಬ ತಯಾರಕ, ಅಮೆರಿಕದ ‘ಸ್ಟೀರಿಯೊಫೈಲ್’ ಪತ್ರಿಕೆಯವರು ಆರಿಸಿಕೊಟ್ಟ ದುಬಾರಿ ಆಂಪ್ಲಿಫೈಯರೊಂದರ ಧ್ವನಿಯನ್ನು ತನ್ನ ಅಗ್ಗದ ಟ್ರಾನ್ಸಿಸ್ಟರ್ ಯಂತ್ರದಿಂದ ಹೊರಡಿಸುವೆನೆಂದು ಪಣತೊಟ್ಟನು. ಎರಡರ ಹೊರಸಂಕೇತಗಳ ವ್ಯತ್ಯಾಸವನ್ನು ಅಳೆಯುತ್ತ, ತಿದ್ದುತ್ತ, ಅದನ್ನು ಮೂರು ಸಾವಿರದಲ್ಲೊಂದು ಪಾಲಿನಷ್ಟಕ್ಕೆ ಇಳಿಸಿದ ಮೇಲೆ, ಅಲ್ಲಿನ ಪಳಗಿದ ಕಿವಿಗಳು ಇದು ಅದು ಎಂದು ಬೇರೆಮಾಡಲಾರದೆ ಸೋಲೊಪ್ಪಿದವು. ಅದು ಸ್ವಿಚ್ಚಿನ ಯಂತ್ರವಲ್ಲದಿದ್ದರೇನು? ಯಂತ್ರದ ‘ವ್ಯಕ್ತಿತ್ವ’ವೆಂದು ರಸಿಕರು ಕರೆಯುವುದು ಅಳತೆಗೆ ಸಿಗುವ ವಸ್ತುವೇ ಎಂಬುದು ಅಲ್ಲಿ ಸ್ಥಿರವಾಯಿತು. ಕೆಲವರಿಗೆ ವಾಲ್ವಿನ ಸವಿಯಾದ ವಿಕೃತಿಯೇ ಬೇಕು. ಅದು ಅವರವರ ರುಚಿ, ಅದರಲ್ಲಿ ಅಪರಾಧವಿಲ್ಲ. ಆದರೆ ಒಳಬಂದದ್ದನ್ನು ಹಾಗೆಯೇ ಹಿಗ್ಗಿಸಿ ಕೊಡುವುದು ಆಂಪ್ಲಿಫೈಯರಿನ ಧರ್ಮವೆಂದಾದರೆ, ಇಂದಿನ ಉತ್ತಮ ಕ್ಲಾಸ್ ಡಿ ಯಂತ್ರವು ದುಬಾರಿ ದರ್ಜೆಯ ಹಿರಿಯ ಯಂತ್ರಗಳಿಗೆ ಸರಿಸಮವೆಂದು ಹೇಳಲು ನಾನು ಹಿಂಜರಿಯೆನು. ಉತ್ತಮವೆಂಬ ವಿಶೇಷಣವನ್ನು ಮಾತ್ರ ಬಿಡಲಾಗದು. ಅಗ್ಗದ ಮಾಲಿನಲ್ಲಿ ಸುರುಳಿಯ ಹಳೆಯ ಪಾಪ ಇನ್ನೂ ಉಳಿದಿದೆ.

ಒಂದು ವಿಷಯದಲ್ಲಿ ಹಳೆಯದರ ಮೇಲ್ಮೆಯನ್ನು ಒಪ್ಪಲೇಬೇಕು. 1953ರ ಕ್ವಾಡ್ 2 ಕೆಟ್ಟರೆ, ಬೆಸುಗೆಯ ಕಡ್ಡಿ ಹಿಡಿಯಬಲ್ಲ ರೇಡಿಯೊ ರಿಪೇರಿಯವನು ಕೆಪಾಸಿಟರ್ ಬದಲಿಸಿ, ಹೊಸ ವಾಲ್ವು ಸಿಕ್ಕಿಸಿ, ಅದನ್ನು ಮತ್ತೆ ಹಾಡಿಸಿಯಾನು. ಸಾಸಿವೆಗಾತ್ರದ ಬಿಡಿಭಾಗಗಳನ್ನು ಯಂತ್ರವೇ ಬೆಸೆದ ಮಾಡ್ಯೂಲು ಕೆಟ್ಟರೆ ಇಡಿಯಾಗಿ ಬದಲಿಸಬೇಕು, ಅದೂ ತಯಾರಕನು ಉಳಿದಿದ್ದರೆ. ಟ್ರೈಪಾತ್ 2007ರಲ್ಲಿ ದಿವಾಳಿಯೆದ್ದಿತು. ಅದರ ಚಿಪ್ಪು ಸುಟ್ಟರೆ ಈಗ ಹಳೆಯ ದಾಸ್ತಾನನ್ನೋ ಕಳಚಿದ ಬೋರ್ಡುಗಳನ್ನೋ ಹುಡುಕಿಕೊಂಡು ಹೋಗಬೇಕು.