ಬೆಳೆ ಕಾಯಲು ಯಾವ ಬಂದೂಕು? ರೈಫಲ್ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕೂಡ್ಲಿಗಿ: ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗುಡ್ಡದಂಚಿನ ಹೊಲಗಳಿಗೆ ಕಾಡುಹಂದಿಗಳು ಇಳಿಯುವುದು ಹೊಸ ಸಂಗತಿಯೇನಲ್ಲ. ಹಂದಿಗಳ ಹಿಂಡು ತಿನ್ನುವುದಕ್ಕಿಂತ ಮುರಿದು ಕೆಡವುವುದೇ ಹೆಚ್ಚು. ಶೇಂಗಾ ಹೊಲವಾದರಂತೂ ಮೂತಿಯಿಂದ ಸಾಲುಸಾಲನ್ನೇ ಉತ್ತು ಹಾಕುತ್ತವೆ. ಸೀರೆಯ ಬೇಲಿ, ಪಟಾಕಿ, ತಮಟೆ, ಅಟ್ಟಣಿಗೆಯ ಮೇಲಿನ ರಾತ್ರಿ ಪಾಳಿ ಎಲ್ಲವೂ ಮುಗಿದ ಮೇಲೆ ರೈತರ ನಡುವೆ ಬಂದೂಕಿನ ಮಾತು ಬರುತ್ತದೆ. ಆ ಮಾತು ಬಹುಮಟ್ಟಿಗೆ ರೈಫಲ್‌ನತ್ತಲೇ ಹೊರಳುತ್ತದೆ. ಜೋಡುನಳಿಗೆ ಕೋವಿಗಿಂತ ರೈಫಲ್ ಮೇಲು, ದೂರಕ್ಕೆ ಹೊಡೆಯುತ್ತದೆ, ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಈ ನಂಬಿಕೆಯಲ್ಲಿ ಕೊನೆಯ ಮಾತು ಮಾತ್ರ ಪೂರ್ಣ ಸತ್ಯ. ಉಳಿದವುಗಳನ್ನು ಕಾನೂನಿನೊಂದಿಗೂ ಈ ಭಾಗದ ನೆಲದೊಂದಿಗೂ ತಾಳೆ ಹಾಕಿ ನೋಡಬೇಕಾಗುತ್ತದೆ. ಏಕೆಂದರೆ ಇಲ್ಲಿ ತಪ್ಪು ಆಯ್ಕೆಯಿಂದ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಪಕ್ಕದ ಹೊಲದಲ್ಲಿ ಮಲಗಿದವನ ಪ್ರಾಣಕ್ಕೆ, ಇಲ್ಲವೇ ಬಂದೂಕು ಹಿಡಿದವನ ಸ್ವಾತಂತ್ರ್ಯಕ್ಕೆ ಕುತ್ತು ಬರಬಹುದು.

ಕಾನೂನು ಹೇಳುವುದೇನು?

ಬೆಳೆ ರಕ್ಷಣೆಗಾಗಿ ಬಂದೂಕು ಬೇಕೆನ್ನುವ ರೈತನ ಬಗ್ಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಪ್ರತ್ಯೇಕವಾಗಿಯೇ ಮಾತನಾಡುತ್ತದೆ. ಅದರ ಪ್ರಕಾರ ಮೊದಲ ಆಯ್ಕೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದೆಂದು ಪರವಾನಗಿ ನೀಡುವ ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಗೆಯ ಬಂದೂಕಿಗೆ, ಎಂದರೆ ಸಾಮಾನ್ಯವಾಗಿ 12 ಬೋರ್ ತೋಟಾ ಕೋವಿಗೆ, ಪರವಾನಗಿ ಕೊಡಬಹುದು. ಬೆಳೆ ರಕ್ಷಣೆಯ ಈ ಉಪಬಂಧದಲ್ಲಿ ರೈಫಲ್‌ನ ಹೆಸರೇ ಇಲ್ಲ. ರೈಫಲ್ ಬೇಕೆನ್ನುವವರು ಅದೇ ಕಲಮಿನ ಇನ್ನೊಂದು ಉಪಬಂಧದಡಿ ‘ಸೂಕ್ತ ಕಾರಣ’ವಿದೆಯೆಂದು ಅಧಿಕಾರಿಗೆ ಮನಗಾಣಿಸಬೇಕು. ಹೊಲಕ್ಕೆ ಹಂದಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ರೈಫಲ್ ಏಕೆ, ಕೋವಿ ಏಕಾಗದು ಎಂಬ ಪ್ರಶ್ನೆ ಅಲ್ಲಿ ಎದುರಾಗುವುದು ಸಹಜ.

ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿರುವುದರಿಂದ ಈಗ ಪರವಾನಗಿ ಪ್ರಾಧಿಕಾರ ಹೊಸಪೇಟೆಯಲ್ಲಿರುವ ಜಿಲ್ಲಾ ದಂಡಾಧಿಕಾರಿಗಳು. ಬಳ್ಳಾರಿ ಅಥವಾ ದಾವಣಗೆರೆಯಲ್ಲಿ ಪಡೆದ ಹಳೆಯ ಪರವಾನಗಿ ಇರುವವರು ನವೀಕರಣದ ವೇಳೆ ಇದನ್ನು ನೆನಪಿಡಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಕಡ್ಡಾಯ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದ ಮೇಲೆ ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ, ಮನೆಯಲ್ಲಿ ಬೀಗ ಹಾಕಿಡುವ ವ್ಯವಸ್ಥೆಯೂ ಅಗತ್ಯವಾಗಿವೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಆದರೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ.

ಸಣ್ಣ ರೈತರಿಗೆ ತಿಳಿಯದ ಒಂದು ಅಂಶವನ್ನು ಇಲ್ಲಿ ಹೇಳಲೇಬೇಕು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 14ನೇ ಕಲಂ ಸ್ಪಷ್ಟಪಡಿಸಿದೆ. ಎರಡೆಕರೆ ಹೊಲದವನಿಗೂ ಇಪ್ಪತ್ತೆಕರೆಯವನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಕೂಡ್ಲಿಗಿ ಭಾಗಕ್ಕೆ ಇನ್ನೊಂದು ತೊಡಕಿದೆ. ಗುಡೇಕೋಟೆಯಲ್ಲಿ ಕರಡಿಧಾಮವಿದೆ, ಪಕ್ಕದ ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗಳ ರಂಗಯ್ಯನದುರ್ಗ ವನ್ಯಧಾಮವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ವನ್ಯಧಾಮದಿಂದ 10 ಕಿ.ಮೀ. ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಬಂದೂಕು ಪರವಾನಗಿ ನೀಡುವಂತಿಲ್ಲ. ಆದ್ದರಿಂದ ಯಾವ ಬಂದೂಕು ಎಂದು ಯೋಚಿಸುವ ಮೊದಲು ತನ್ನ ಊರು ಈ ವ್ಯಾಪ್ತಿಯೊಳಗೆ ಬರುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಳಿ ಬಲ್ಲ ಕೆಲವರು ಅದು ಎಲ್ಲ ರೈತರಿಗೂ ಅನ್ವಯವೆಂದು ಭಾವಿಸಿದ್ದುಂಟು. ಬಯಲುಸೀಮೆಗೆ ಅಂತಹ ವಿನಾಯಿತಿ ಇಲ್ಲ.

ರೈಫಲ್ ಎಂದರೆ ಯಾವುದು?

ಬೋಲ್ಟ್-ಆಕ್ಷನ್ ರೈಫಲ್‌ನಲ್ಲಿ ಬಾಗಿಲ ಅಗುಳಿಯಂತಹ ಉಕ್ಕಿನ ಬೋಲ್ಟ್ ಇರುತ್ತದೆ. ಅದನ್ನು ಕೈಯಿಂದ ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ, ಮುಂದೆ ತಳ್ಳಿದರೆ ಹೊಸದು ನಳಿಗೆ ಸೇರುತ್ತದೆ. ಬಿಡಿಭಾಗಗಳು ಕಡಿಮೆ, ಆದ್ದರಿಂದ ಕೆಡುವುದೂ ಕಡಿಮೆ. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುತ್ತವೆ. ಕೋವಿಯ ನಳಿಗೆಯಲ್ಲಿ ಈ ಗೀರು ಇರುವುದಿಲ್ಲ.

1980ರ ದಶಕದ ಮಧ್ಯಭಾಗದಿಂದ ವಿದೇಶಿ ಬಂದೂಕುಗಳ ಖಾಸಗಿ ಆಮದಿಗೆ ತಡೆ ಬಿದ್ದ ಮೇಲೆ ಭಾರತದ ಮಾರುಕಟ್ಟೆ ಮೂರು ಮೆಟ್ಟಿಲುಗಳಾಗಿದೆ. ಕೆಳಗಿನ ಮೆಟ್ಟಿಲಲ್ಲಿ ಜಮ್ಮು, ಮುಂಗೇರ್ ಮುಂತಾದೆಡೆಯ ಖಾಸಗಿ ತಯಾರಕರ 12 ಬೋರ್ ಕೋವಿಗಳಿವೆ. ಮೇಲಿನ ಮೆಟ್ಟಿಲಲ್ಲಿ ಹಳೆಯ ಕಾಲದಲ್ಲಿ ಬಂದ ಮೌಸರ್, ಬಿಎಸ್‌ಎ, ಬ್ರನೋ, ವಿಂಚೆಸ್ಟರ್ ರೈಫಲ್‌ಗಳು ಕೈಯಿಂದ ಕೈಗೆ ದುಬಾರಿ ಬೆಲೆಗೆ ಸಾಗುತ್ತಿವೆ. ನಡುವಿನ ಬೆಲೆಗೆ ಹೊಸದಾಗಿ ಸಿಗುವ ಕಾರ್ಖಾನೆ ರೈಫಲ್ ಎಂದರೆ ಮುಖ್ಯವಾಗಿ ಸರ್ಕಾರಿ ಕಾರ್ಖಾನೆಯ .315 ಬೋರ್ ಸ್ಪೋರ್ಟಿಂಗ್ ರೈಫಲ್. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಿಂದ ಹೆಸರಾದ ಬಂದೂಕಿದು. 2021ರ ಅಕ್ಟೋಬರ್‌ನಲ್ಲಿ ಆಯುಧ ಕಾರ್ಖಾನೆಗಳ ಮಂಡಳಿ ವಿಸರ್ಜನೆಯಾಗಿ ಏಳು ಕಂಪನಿಗಳಾದ ಮೇಲೆ ಸಣ್ಣ ಶಸ್ತ್ರಗಳ ಕಾರ್ಖಾನೆಗಳು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಸೇರಿವೆ.

.315ರ ಹುಟ್ಟಿನ ಹಿಂದೆ ಸ್ವಾರಸ್ಯಕರ ಇತಿಹಾಸವಿದೆ. ಬ್ರಿಟಿಷರು ಸೈನ್ಯದ .303 ತೋಟಾ ಜನರ ಕೈಸೇರದಂತೆ ಅದನ್ನು ನಿಷೇಧಿಸಿದಾಗ, ಆಸ್ಟ್ರಿಯಾ-ಹಂಗೆರಿ ಸೈನ್ಯದ ಹಳೆಯ 8 ಮಿ.ಮೀ. ಮಾನ್‌ಲಿಕರ್ ತೋಟಾ ಇಲ್ಲಿ ಬೇಟೆಗಾರರ ತೋಟಾವಾಗಿ ನೆಲೆ ಕಂಡಿತು. ಬಂದೂಕಿನ ಬೋಲ್ಟ್ ಮಾತ್ರ ಸೈನ್ಯದ ಲೀ-ಎನ್‌ಫೀಲ್ಡ್ ವಿನ್ಯಾಸದ್ದೇ. ಪೆಟ್ಟಿಗೆಯಲ್ಲಿ ಐದು ತೋಟಾ ಹಿಡಿಸುತ್ತದೆ. ಗುಂಡು ಸುಮಾರು 15 ಗ್ರಾಂಗೂ ಮೀರಿದ ಭಾರದ್ದು, ಬಾಯಿಯಿಂದ ಹೊರಡುವಾಗ ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ನೂರು ಮೀಟರಿನೊಳಗೆ ಕಾಡುಹಂದಿಗೆ ಇದು ಧಾರಾಳವಾಗಿ ಸಾಕು. ಇದಕ್ಕಿಂತ ವೇಗದ .30-06 ಬೋರ್ ರೈಫಲ್ ಕೂಡ ಉಂಟು. ಹೊಲದ ಅಂತರಕ್ಕೆ ಅದರ ಹೆಚ್ಚುವರಿ ಶಕ್ತಿಯಿಂದ ಪ್ರಯೋಜನವಿಲ್ಲ, ತೋಟಾದ ಖರ್ಚು ಮಾತ್ರ ಹೆಚ್ಚು. ಅಗ್ಗವೆಂದು .22 ರೈಫಲ್ ಕೊಳ್ಳುವುದು ಸರಿಯಲ್ಲ. ಅದರ ಚಿಕ್ಕ ಗುಂಡು ಹಂದಿಯನ್ನು ಗಾಯಗೊಳಿಸುತ್ತದೆಯೇ ಹೊರತು ಕೆಡಹುವುದಿಲ್ಲ, ಮತ್ತು ಗಾಯಗೊಂಡ ಹಂದಿ ಬೆಳಿಗ್ಗೆ ಮೇವು ಕೊಯ್ಯಲು ಬಂದವರ ಮೇಲೆ ಎರಗುತ್ತದೆ.

ಕೊಳ್ಳುವಾಗ ಮೈಬಣ್ಣ, ಕೆತ್ತನೆ ನೋಡಿ ಮರುಳಾಗಬಾರದು. ಬೋಲ್ಟಿನ ಮೇಲಿನ ಸಂಖ್ಯೆಯೂ ಬಂದೂಕಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೋಲ್ಟ್ ಬದಲಾದ ರೈಫಲ್‌ನಲ್ಲಿ ತೋಟಾ ಕೂರುವ ಅಂತರ ಹೆಚ್ಚುಕಡಿಮೆಯಾಗಿ ತೋಟಾ ಒಡೆಯುವ ಅಪಾಯವಿದೆ. ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರೆ ಗೀರುಗಳು ಬಾಯಿಯವರೆಗೂ ಚೂಪಾಗಿ ಕಾಣಬೇಕು. ಕಪ್ಪು ಕಲೆ, ಗುಳಿಗಳಿದ್ದರೆ ಅದು ತೊಳೆಯದೆ ತುಕ್ಕು ಹಿಡಿದ ನಳಿಗೆ. ಸುರಕ್ಷತಾ ಕೀಲಿ ಹಾಕಿ, ಖಾಲಿ ಬಂದೂಕಿನ ಟ್ರಿಗರ್ ಒತ್ತಿ, ಅನಂತರ ಕೀಲಿ ತೆಗೆದಾಗ ಹೊಡೆಗಡ್ಡಿ ತಾನಾಗಿ ಬೀಳಕೂಡದು. ಹೆಗಲಿಗೆ ಆನಿಸುವ ಮರ ಬಿರುಕು ಬಿಟ್ಟಿರಬಾರದು. ಎಲ್ಲಕ್ಕಿಂತ ಮೊದಲು, ಪರವಾನಗಿ ಪಡೆದ ಹತ್ತಿರದ ಮಾರಾಟಗಾರರಲ್ಲಿ ಆ ಬೋರಿನ ತೋಟಾ ವರ್ಷವಿಡೀ ಸಿಗುತ್ತದೆಯೇ ಎಂದು ಕೇಳಬೇಕು. ತೋಟಾ ಸಿಗದ ರೈಫಲ್ ಗೋಡೆಗೆ ತೂಗುಹಾಕಲು ಮಾತ್ರ ಯೋಗ್ಯ. ಮತ್ತೊಬ್ಬ ಪರವಾನಗಿದಾರರಿಂದ ಹಳೆಯದನ್ನು ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ಲಿಖಿತ ಸೂಚನೆ ಕೊಟ್ಟು 45 ದಿನ ಕಾಯಬೇಕೆಂಬ ನಿಯಮವಿದೆ. ಮುಂಗಡ ಕೊಟ್ಟು ಅಂದೇ ಹೆಗಲಿಗೇರಿಸಿಕೊಂಡು ಬರುವಂತಿಲ್ಲ.

ಈ ನೆಲಕ್ಕೆ ಹೊಂದುವುದು

ಇಷ್ಟಾದರೂ ಈ ಐದು ತಾಲ್ಲೂಕುಗಳ ರೈತನಿಗೆ .315 ಸೂಕ್ತವೇ ಎಂಬ ಪ್ರಶ್ನೆ ಉಳಿಯುತ್ತದೆ. ಗುರಿ ತಪ್ಪಿದ ರೈಫಲ್ ಗುಂಡು ಎರಡು ಕಿ.ಮೀ.ಗೂ ಆಚೆ ಹೋಗಬಲ್ಲದು. ಹಡಗಲಿ, ಹರಪನಹಳ್ಳಿಯ ಬಯಲು ಹೊಲಗಳಲ್ಲಿ ಅದನ್ನು ತಡೆಯಲು ನಡುವೆ ಏನೂ ಇಲ್ಲ. ಆ ದೂರದೊಳಗೆ ಇನ್ನೊಂದು ಊರು, ಬೋರ್‌ವೆಲ್ ಮನೆ, ಗೊಬ್ಬರಕ್ಕೆಂದು ಹೊಲದಲ್ಲಿ ನಿಲ್ಲಿಸಿದ ಕುರಿಮಂದೆ ಮತ್ತು ಅದರ ಪಕ್ಕ ಮಲಗಿದ ಕುರಿಗಾರ ಇರುತ್ತಾರೆ. ಕೂಡ್ಲಿಗಿ ಕಡೆ ಕಷ್ಟ ಬೇರೆ ಬಗೆಯದು. ಅಲ್ಲಿ ಹೊಲದ ಬದಿಗೇ ಹೆಬ್ಬಂಡೆಗಳಿವೆ. ಬಂಡೆಗೆ ತಾಗಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಹೇಳಲು ಯಾರಿಂದಲೂ ಆಗದು.

12 ಬೋರ್ ಕೋವಿಯ ಎಲ್‌ಜಿ, ಎಸ್‌ಜಿ ತೋಟಾಗಳಲ್ಲಿ ದಪ್ಪ ಚರೆಗಳಿರುತ್ತವೆ. ಮೂವತ್ತು ನಲವತ್ತು ಮೀಟರಿನೊಳಗೆ ಅವು ಹಂದಿಗೆ ಮಾರಕ, ಅನಂತರ ಬೇಗ ಬಲಗುಂದುತ್ತವೆ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಕಾಣದ ದೂರಕ್ಕೆ ಹೊಡೆಯುವ ಶಕ್ತಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಅಟ್ಟಣಿಗೆಯಿಂದ ಕೆಳಮುಖವಾಗಿ ಹೊಡೆದರೆ ತಪ್ಪಿದ ಚರೆ ಮಣ್ಣು ಸೇರುತ್ತದೆ. ನೆಲದ ಮೇಲೆ ನಿಂತು ಹೊಡೆಯುವುದಕ್ಕಿಂತ ಇದು ಸುರಕ್ಷಿತ. ಎಲ್ಲ ರೀತಿಯಲ್ಲೂ ನೋಡಿದರೆ ಇಲ್ಲಿನ ಬಹುಪಾಲು ರೈತರಿಗೆ ಕಾನೂನು ತೋರಿಸುವ ಕೋವಿಯೇ ತಕ್ಕದ್ದು. ಹಿಂದೆ ಬಂಡೆಯಿಲ್ಲದ ಮಣ್ಣಿನ ದಿಬ್ಬವಿದ್ದು, ಹಗಲಲ್ಲೇ ಹಂದಿ ಬರುವ ದೊಡ್ಡ ಹಿಡುವಳಿ ಇರುವ ಕೆಲವರಿಗಷ್ಟೇ .315ರ ಮಾತು.

ಬಂದೂಕಿದ್ದರೂ ಬೇಕು ಅನುಮತಿ

ಬಂದೂಕಿನ ಪರವಾನಗಿ ಹಂದಿ ಹೊಡೆಯುವ ಪರವಾನಗಿಯಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅಕ್ಕಪಕ್ಕದ ಊರುಗಳಲ್ಲಿ ಪ್ರಕರಣ ದಾಖಲಾದ ಮೇಲೆಯೇ ಅದು ನೆನಪಾಗುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದೇಶದಲ್ಲಿ ಬೇಟೆ ನಿಷಿದ್ಧ. ಮೊದಲು 3ನೇ ಅನುಸೂಚಿಯಲ್ಲಿದ್ದ ಕಾಡುಹಂದಿ, 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ನಂತರ 2ನೇ ಅನುಸೂಚಿಯಲ್ಲಿದೆ. ಈ ಪ್ರಾಣಿ ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ನಿಗದಿತ ಪ್ರದೇಶದಲ್ಲಿ ಅದನ್ನು ಹೊಡೆಯಲು 11ನೇ ಕಲಮಿನಡಿ ಕಾರಣಸಹಿತ ಲಿಖಿತ ಆದೇಶ ನೀಡಬಹುದು. ಆ ಕಾಗದ ಕೈಯಲ್ಲಿ ಇಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅನುಮತಿಯಿಂದ ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಳ್ಳುವುದು ಮತ್ತೊಂದು ಅಪರಾಧಕ್ಕೆ ದಾರಿ.

ಕರಡಿ ಮತ್ತು ಚಿರತೆ 1ನೇ ಅನುಸೂಚಿಯ ಪ್ರಾಣಿಗಳು. ಅವುಗಳನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸ. ಗುಡೇಕೋಟೆ ಸುತ್ತಲಿನ ಹೊಲಗಳಿಗೆ ಹಂದಿ ಬರುವ ಹಾದಿಯಲ್ಲೇ ಕರಡಿಯೂ ಬರುತ್ತದೆ, ಎರಡೂ ಕತ್ತಲಲ್ಲಿ ಕಪ್ಪು ಗುಡ್ಡೆಗಳೇ. ಬೆಳಕು ಹಾಕಿ ಮುಖ ಗುರುತಿಸುವವರೆಗೆ ಟ್ರಿಗರ್ ಮೇಲೆ ಬೆರಳಿಡದಿರುವುದು ಇದೇ ಕಾರಣಕ್ಕೆ. ಪ್ರಾಣಿ ಮೈಮೇಲೆ ಬಿದ್ದಾಗ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಹೊಡೆದರೆ ಅದು ಅಪರಾಧವಾಗದು. ಹೊಲ ಕಾಯುವಾಗ ದೂರದಿಂದ ಹೊಡೆದುದಕ್ಕೆ ಈ ರಕ್ಷಣೆ ದೊರೆಯದು.

ಬೆಳೆ ಹಾನಿಯಾದವರು ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಡಿ ಪಹಣಿಯೊಂದಿಗೆ ಅರ್ಜಿ ಸಲ್ಲಿಸಬಹುದು. ಮುರಿದ ತೆನೆಗಳನ್ನು ತೆರವು ಮಾಡುವ ಮೊದಲೇ ಫೋಟೊ ತೆಗೆದು ಅರಣ್ಯ ಸಿಬ್ಬಂದಿಗೆ ಸ್ಥಳ ತೋರಿಸಬೇಕು. ಬಂದೂಕಿಗೆ ಅರ್ಜಿ ಹಾಕುವವರಿಗೂ ಈ ದಾಖಲೆ ಉಪಯುಕ್ತ, ಏಕೆಂದರೆ ಹೊಲಕ್ಕೆ ಹಂದಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಇನ್ನೊಂದಿಲ್ಲ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕಾದೀತು. ಬೆಳೆ ರಕ್ಷಣೆಗೆ ಅದು ಅನಿವಾರ್ಯವೆನ್ನುವವರು ವಿನಾಯಿತಿ ಕೋರಿ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಬರೆದುಕೊಳ್ಳಬಹುದು. ಒಪ್ಪಿಸುವಾಗ ಬಂದೂಕಿನ ಸಂಖ್ಯೆ ಬರೆದ ರಸೀದಿಯನ್ನು ತಪ್ಪದೆ ಪಡೆಯಬೇಕು.